ಮಸ್ಕಿಗೆ ಮುಟ್ಟದ ಸುದ್ದಿ

ಮೊನ್ನೆ ಸಿಂಧನೂರಿನ ಲ್ಯಾಬಿನಲ್ಲಿ ರಕ್ತ ಕೊಡಲು ಕುಳಿತಿದ್ದೆ. ಒಳಗಿನಿಂದ ಫಾರ್ಮಾಲಿನ್ ಘಾಟು ಬಂದು ಕಣ್ಣು ಉರಿಯಿತು... ಆಯಾ ನೆನಪಾದಳು.

ಆಗ ನಿಜಾಮನ ರಜಾಕಾರರ ಗಲಾಟೆ ಅಡಗಿ ಎರಡು ಮೂರು ವರ್ಷವಾಗಿತ್ತು. ಯಾರಿಗೂ ಯಾರ ಮೇಲೂ ನಂಬಿಕೆ ಇಲ್ಲದ ಕಾಲ. ಲಿಂಗಸುಗೂರಿನ ಸರ್ಜನ್ ಒಬ್ಬರ ದವಾಖಾನೆಯಲ್ಲಿ ನಾನು ಗುಮಾಸ್ತ. ಮೆಟ್ರಿಕ್ ಪಾಸಾದ ಜಂಬ ಬೇರೆ. ಕೊಯ್ದು ತೆಗೆದ ಗಡ್ಡೆಯನ್ನು ಡಾಕ್ಟರರು ಫಾರ್ಮಾಲಿನ್ ತುಂಬಿದ ಬಾಟಲಿಯಲ್ಲಿಟ್ಟು ಪರೀಕ್ಷೆಗೆ ಹೈದರಾಬಾದಿಗೆ ಕಳಿಸುತ್ತಿದ್ದರು. ಟಪಾಲಿನಲ್ಲಿ ಬಂದ ಉತ್ತರವನ್ನು ಓದಿ ನನಗೆ ಕೊಡುತ್ತಿದ್ದರು. ರೋಗಿಗೆ ಸುದ್ದಿ ಮುಟ್ಟಿಸುವುದು ನನ್ನ ಕೆಲಸ.

ಅಲ್ಲಿ ಕಸ ಗುಡಿಸಿ, ಬಾಟಲಿ ತೊಳೆಯುತ್ತಿದ್ದ ಆಯಾಗೆ ಅಕ್ಷರ ಬರುತ್ತಿರಲಿಲ್ಲ. ಒಂದೊಂದು ಬಾಟಲಿ ಹೋದಾಗಲೂ ಮುಲಾಮಿನ ಖಾಲಿ ಡಬ್ಬಿಗೆ ಒಂದು ಹುಣಸೆಬೀಜ ಹಾಕುತ್ತಿದ್ದಳು. ರೋಗಿಗೆ ಸುದ್ದಿ ಮುಟ್ಟಿದ ಮೇಲೆಯೇ ತೆಗೆಯುತ್ತಿದ್ದಳು. ನನ್ನ ತಪ್ಪು ಹಿಡಿದು ಡಾಕ್ಟರರಿಗೆ ಚಾಡಿ ಹೇಳಲು ಈ ಹೂಟ ಎಂದು ನನಗೆ ಗುಮಾನಿ. ಅವಳು ಬಾಗಿಲಿಗೆ ಬಂದರೆ ರಿಜಿಸ್ಟರ್ ಮುಚ್ಚಿಬಿಡುತ್ತಿದ್ದೆ.

ಮಸ್ಕಿಯ ದರ್ಜಿಯೊಬ್ಬನ ಕುತ್ತಿಗೆಯ ಗಡ್ಡೆಗೆ ಉತ್ತರ ಬಂತು. ಕೆಟ್ಟ ಗಡ್ಡೆ, ಬೇಗನೆ ಮತ್ತೊಂದು ಆಪರೇಷನ್ ಆಗಬೇಕು. ನಾಳೆ ತಿಳಿಸಿದರಾಯಿತೆಂದು ಕಾಗದವನ್ನು ರಿಜಿಸ್ಟರಿನೊಳಗೆ ಇಟ್ಟೆ.

ಸಂಜೆಗೇ ಆಯಾ ಬಂದಳು. "ದರ್ಜಿಗೆ ಹೇಳಿ ಕಳಿಸಿದೇನೋ ತಮ್ಮಾ?"

"ಕಳಿಸೀನಿ. ನಿನ್ನ ಬೀಜ ತಗದು ಒಗಿ."

"ಯಾರ ಕೈಲಿ?"

"ಮಸ್ಕಿ ಮೋಟಾರಿನ ಕಂಡಕ್ಟರ್ ಕೈಲಿ. ನೀ ಏನ್ ಫೌಜದಾರ ಆಗೀ ಏನ್ ಬೇ?"

"ಆಗಿದ್ರ ಮೊದಲ ನಿನ್ನ ಕಿಸೆ ತಡಕಿ ಝಡತಿ ಮಾಡ್ತಿದ್ದೆ," ಎಂದು ನಕ್ಕು, ಬೀಜ ತೆಗೆದಳು.

ಅವಳು ಕೇಳಿದಳೆಂಬ ಹಟಕ್ಕೆ ಮರುದಿನವೂ ಕಳಿಸಲಿಲ್ಲ. ಆಮೇಲೆ... ಮರೆತೇಬಿಟ್ಟೆ.

ಆರು ತಿಂಗಳಿಗೆ ದರ್ಜಿಯನ್ನು ಬಂಡಿಯಲ್ಲಿ ಮಲಗಿಸಿಕೊಂಡು ಬಂದರು. ನೀರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಡಾಕ್ಟರರು ಕೆಂಡವಾದರು. ಸುದ್ದಿ ಯಾಕೆ ಮುಟ್ಟಲಿಲ್ಲ ಎಂದರು. ನನ್ನ ಬಾಯಿಂದ ಬಂದದ್ದು ಇಷ್ಟು: "ಆಯಾಗ ಹೇಳಿದ್ದೆ ರೀ, ಕಂಡಕ್ಟರ್‌ಗೆ ತಿಳಿಸು ಅಂತ. ಆಕೀನ ಮರತಾಳ. ಬೀಜ ಸುದ್ದಾ ತಗದಾಳ, ನೋಡ್ರಿ."

ಡಬ್ಬಿ ಖಾಲಿಯಿತ್ತು.

"ಕಳಿಸೀನಿ ಅಂದ ಅಂತ ತಗದೆ ರೀ, ಸಾಹೇಬ್ರ," ಎಂದಳು. ಓದು ಬಾರದವಳ ಮಾತನ್ನು ಅವರು ನಂಬಲಿಲ್ಲ. ಅಂದೇ ಅವಳನ್ನು ಕೆಲಸದಿಂದ ಬಿಡಿಸಿದರು. ದರ್ಜಿ ಆ ಬೇಸಿಗೆ ದಾಟಲಿಲ್ಲ.

ಆಯಾ ಮುದಗಲ್ಲಿಗೆ ಹೋದಳೆಂದು ತಿಳಿಯಿತು. ಎರಡು ಸಲ ಆ ಬಸ್ಸು ಹತ್ತಿದೆ, ನಡುದಾರಿಯಲ್ಲಿ ಇಳಿದೆ... ಅವಳು ತೀರಿ ಎಷ್ಟೋ ವರ್ಷವಾಯಿತು. ಮಗಳು ಅಲ್ಲಿಯೇ ಇದ್ದಾಳೆ. ತನ್ನ ತಾಯಿಯ ಮರೆವಿನಿಂದ ಒಬ್ಬ ಮನುಷ್ಯ ಸತ್ತನೆಂದು ಇಂದಿಗೂ ತಲೆ ತಗ್ಗಿಸುತ್ತಾಳಂತೆ.

ಈ ಬರೆದದ್ದನ್ನು ಬೇರೆ ಯಾರಿಗೂ ತೋರಿಸುವ ಮೊದಲು ಆ ಮಗಳ ಎದುರಿಗೆ ಕುಳಿತು ಓದಬೇಕು.