ಬಾಟ್ಲಿ ಮೇಸ್ತ್ರಿಯ ತಿಳಿ ಪೆಟ್ರೋಲು

ನನ್ನ ಸೋದರಮಾವನನ್ನು ಊರೆಲ್ಲ ಬಾಟ್ಲಿ ಮೇಸ್ತ್ರಿ ಅಂತಲೇ ಕರೆಯುತ್ತಿತ್ತು. ಹೊಸಬರು ಕುಡುಕನಿರಬೇಕು ಎಂದು ಮೂಗು ಮುರಿಯುತ್ತಿದ್ದರು. ಪಾಪ, ಮಾವ ಚಹಾ ಬಿಟ್ಟರೆ ಬೇರೇನೂ ಮುಟ್ಟಿದವನಲ್ಲ. ಬಾಟ್ಲಿ ಇದ್ದದ್ದು ಪೆಟ್ರೋಲಿಗೆ.

ದೋಣಿಕಟ್ಟೆಯ ಹಿಂದಿನ ತಗಡಿನ ಕೋಣೆಯೇ ಅವನ ವರ್ಕ್‌ಶಾಪು. ಗೋಡೆಗೆ ಮೊಳೆ ಹೊಡೆದು ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನೇತುಹಾಕಿದ್ದ. ಯಾರಾದರೂ ಒಂದನ್ನು ಜಾಗ ತಪ್ಪಿಸಿದರೆ ದಿನವಿಡೀ ಗೊಣಗಾಟ. ಎಂಜಿನ್ ಕೆಟ್ಟಿದೆ ಎಂದು ಯಾರೇ ಬರಲಿ, ಮಾವ ಮೊದಲು ಎಂಜಿನ್ ಮುಟ್ಟುತ್ತಿರಲಿಲ್ಲ. ಟ್ಯಾಂಕಿಯ ತಳದಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟ್ಲಿಗೆ ಎಳೆದು, ಕಿಟಕಿಯ ಮೇಲೆ ಬಿಸಿಲಿಗಿಟ್ಟು, ಒಂದು ಲೋಟ ಚಹಾ ಕುಡಿಯುತ್ತಿದ್ದ. ನೀರು ಸೇರಿದ್ದರೆ ಚಹಾ ಮುಗಿಯುವುದರೊಳಗೆ ಅದು ಕೆಳಗಿಳಿದು ಬಾಟ್ಲಿಯಲ್ಲಿ ಒಂದು ಗೆರೆ ಮೂಡುತ್ತಿತ್ತು. ಗೆರೆ ಕಂಡರೆ ಟ್ಯಾಂಕಿಯ ತಳ ಬಸಿಯಬೇಕು. ಕಾಣದಿದ್ದರೆ ದೋಣಿ ಹೊರಡಬಹುದು. ಇಪ್ಪತ್ತೈದು ವರ್ಷ ಈ ಪರೀಕ್ಷೆ ಒಮ್ಮೆಯೂ ಕೈಕೊಡಲಿಲ್ಲ.

ಆಮೇಲೆ ಪೆಟ್ರೋಲಿಗೆ ಎಥನಾಲ್ ಬೆರೆಸಿ ಮಾರುವುದು ಶುರುವಾಯಿತು. ಎಥನಾಲ್ ಅಂದರೆ ಮತ್ತೇನಲ್ಲ, ಒಂದು ಬಗೆಯ ಸ್ಪಿರಿಟ್ಟು. ಊರಿಗಿದ್ದ ಒಂದೇ ಒಂದು ಬಂಕಿನ ಗೋಡೆಗೆ ಹಸಿರು ಎಲೆಯ ಚಿತ್ರದ ಚೀಟಿ ಅಂಟಿಸಿದ್ದು ಬಿಟ್ಟರೆ ಯಾರೂ ಯಾರಿಗೂ ಏನೂ ಹೇಳಲಿಲ್ಲ. ಆ ಎಲೆಯನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮೊದಲು ತೊಂದರೆ ಕೊಟ್ಟದ್ದು ರಬ್ಬರು. ಎಂಜಿನ್ನಿಗೆ ಪೆಟ್ರೋಲು ಹೋಗುವ ಪೈಪುಗಳು ಊದಿಕೊಂಡು, ಮುಟ್ಟಿದರೆ ಬೆರಳಿಗೆ ಅಂಟುತ್ತಿದ್ದವು. ಕಾರ್ಬುರೇಟರ್ ಬಿಚ್ಚಿದರೆ ಒಳಗೆ ಬಿಳಿ ಪುಡಿ. ಹಳೇ ಸ್ಕೂಟರುಗಳು ಬೆಳಿಗ್ಗೆ ಎದ್ದರೆ ಒದ್ದಷ್ಟೂ ಮೊಂಡಾಟ ಮಾಡುತ್ತಿದ್ದವು. ಮಾವ ರಬ್ಬರ್ ಮಾಡುವವರನ್ನು ಬಾಯಿಗೆ ಬಂದಂತೆ ಬೈದ. ಪೆಟ್ರೋಲಿನ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. ಯಾಕೆಂದರೆ ಬಾಟ್ಲಿಯಲ್ಲಿ ಗೆರೆ ಮೂಡುವುದೇ ನಿಂತುಹೋಗಿತ್ತು. ಮೊದಲೆಲ್ಲ ಬಂಕಿನ ಪೆಟ್ರೋಲಿನಲ್ಲಿ ಬೆರಳಷ್ಟು ನೀರು ಇದ್ದೇ ಇರುತ್ತಿತ್ತು, ಈಗ ನೋಡು ಹೇಗೆ ಸುಧಾರಿಸಿದ್ದಾರೆ ಎಂದು ನನಗೇ ಬಾಟ್ಲಿ ಎತ್ತಿ ತೋರಿಸಿದ್ದ. ಸ್ಪಿರಿಟ್ಟು ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಹೊಟ್ಟೆ ತುಂಬುವವರೆಗೆ ಗುಟ್ಟು ಬಿಡುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ನೀರು ಕಾಣುತ್ತಿರಲಿಲ್ಲ, ಅಷ್ಟೇ. ಇದ್ದೇ ಇತ್ತು.

ನನ್ನಪ್ಪ ನದಿ ದಾಟಿಸುವ ದೋಣಿ ನಡೆಸುತ್ತಿದ್ದ. ಕಟ್ಟೆಯಲ್ಲಿ ಟಿಕೆಟ್ ಹರಿಯುತ್ತಿದ್ದವಳು ನಾನೇ. ನದಿ ಸಮುದ್ರ ಸೇರುವ ಜಾಗ ನಮ್ಮ ಕಟ್ಟೆಗೆ ಹತ್ತಿರ. ಅಲ್ಲೊಂದು ಮರಳದಿಬ್ಬ, ಅದರ ಮೇಲೆ ಸದಾ ಅಲೆ ಒಡೆಯುತ್ತಿರುತ್ತದೆ. ಮಳೆಗಾಲದ ನಾಲ್ಕು ತಿಂಗಳು ದೋಣಿ ಶೆಡ್ಡಿನಲ್ಲಿರುತ್ತಿತ್ತು. ಟ್ಯಾಂಕಿಯ ಮುಚ್ಚಳದಲ್ಲಿರುವ ಗಾಳಿಯ ತಿರುಪನ್ನು ಆಗಲೂ ಕೂದಲೆಳೆಯಷ್ಟು ಸಡಿಲ ಬಿಡಬೇಕು, ಟ್ಯಾಂಕಿ ಉಸಿರಾಡಲಿ ಎಂಬುದು ಮಾವ ಹೇಳಿಕೊಟ್ಟ ಪಾಠ. ಆ ವರ್ಷ ಟ್ಯಾಂಕಿ ನಾಲ್ಕು ತಿಂಗಳು ಮಳೆಗಾಲದ ಒದ್ದೆ ಗಾಳಿಯನ್ನೇ ಉಸಿರಾಡಿತು. ಒಳಗೆ ಉಳಿದಿದ್ದ ಪೆಟ್ರೋಲಿನ ಸ್ಪಿರಿಟ್ಟು ಆ ತೇವವನ್ನೆಲ್ಲ ಹೀರಿಕೊಂಡಿತು.

ಮಳೆ ಮುಗಿದ ಮೇಲೆ ಅಪ್ಪ ಟ್ಯಾಂಕಿ ಹೊತ್ತು ವರ್ಕ್‌ಶಾಪಿಗೆ ಹೋದ. ನಾನೂ ಜೊತೆಗಿದ್ದೆ. ಹಳೇ ಪೆಟ್ರೋಲು ಚೆಲ್ಲಿ ಹೊಸದು ಹಾಕಿಸಿಬಿಡುತ್ತೇನೆ ಎಂದು ಅಪ್ಪನೇ ಅಂದ. ಮಾವ ಬಾಟ್ಲಿ ತುಂಬಿ ನಡು ಮಧ್ಯಾಹ್ನದ ಬಿಸಿಲಿಗಿಟ್ಟ. ಮೂವರೂ ಚಹಾ ಕುಡಿದೆವು. ಗೆರೆಯ ಸುಳಿವೇ ಇಲ್ಲ.

"ಕನ್ನಡಿ ಥರ ಇದೆಯಲ್ಲ ಭಾವ. ಇದನ್ನ ಚೆಲ್ತೀರಾ?" ಅಂದ ಮಾವ.

ಅಪ್ಪ ಚೆಲ್ಲಲಿಲ್ಲ. ಮೇಸ್ತ್ರಿಯ ಮಾತು ಮೀರಿ ಅವನಿಗೆ ಅಭ್ಯಾಸವಿರಲಿಲ್ಲ.

ಮರುದಿನ ಬೆಳಗಿನ ಜಾವ ಒಳ್ಳೇ ಚಳಿ. ಆಚೆ ದಡದವರನ್ನು ಕರೆತರಲು ಅಪ್ಪ ಒಬ್ಬನೇ ಹೊರಟ. ಬಿಸಿಲಿನಲ್ಲಿ ಕರಗಿಕೊಂಡಿದ್ದ ನೀರು ಆ ಚಳಿಗೆ ಸ್ಪಿರಿಟ್ಟನ್ನೂ ಎಳೆದುಕೊಂಡು ಟ್ಯಾಂಕಿಯ ತಳ ಸೇರಿತ್ತು. ಎಂಜಿನ್ ಪೆಟ್ರೋಲು ಹೀರುವುದು ತಳದಿಂದಲೇ. ನಡುನೀರಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತದ್ದು ಕಟ್ಟೆಯಲ್ಲಿದ್ದ ನನಗೆ ಕೇಳಿಸಿತು. ಅಪ್ಪ ಎಂಜಿನ್ ಚಾಲು ಮಾಡುವ ಹಗ್ಗ ಎಳೆದ, ಮತ್ತೆ ಎಳೆದ. ರಸ್ತೆಯಲ್ಲಿ ಗಾಡಿ ನಿಂತರೆ ತಳ್ಳಿಕೊಂಡಾದರೂ ಮನೆ ಸೇರಬಹುದು. ನೀರಿನ ಸೆಳೆತ ದೋಣಿಯನ್ನು ಮರಳದಿಬ್ಬಕ್ಕೆ ಒಯ್ದಿತು. ಮೂರನೇ ಅಲೆಗೆ ಅದು ಮಗುಚಿತು. ನಾನು ಟಿಕೆಟ್ ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಕೂಗುತ್ತಿದ್ದೆನಂತೆ. ನನಗದು ನೆನಪಿಲ್ಲ.

ಅಪ್ಪ ಸಿಕ್ಕಿದ್ದು ಎರಡನೇ ದಿನ. ಟ್ಯಾಂಕಿ ಅದಕ್ಕಿಂತ ಮೊದಲೇ ಪೈಪು ಕಿತ್ತುಕೊಂಡು ತೇಲುತ್ತಾ ದಡಕ್ಕೆ ಬಂದಿತ್ತು. ಯಾರೋ ಅದನ್ನು ನಮ್ಮ ಅಂಗಳಕ್ಕೆ ತಂದಿಟ್ಟರು. ಎಲ್ಲ ಮುಗಿದ ಮಾರನೇ ಬೆಳಿಗ್ಗೆ, ಅಂಗಳದ ತುಂಬ ಜನ ಕೂತಿರುವಾಗ, ಮಾವ ಬಂದು ಟ್ಯಾಂಕಿಯ ತಳದಿಂದ ಬಾಟ್ಲಿ ತುಂಬಿದ. ಈ ಸಲ ಗೆರೆ ಕಂಡಿತು. ತಳದಲ್ಲಿ ಮೂರು ಬೆರಳಿನಷ್ಟು ಬೇರೆಯೇ ನೀರು.

ದೋಣಿಯವರೆಲ್ಲ ಒಂದೇ ಮಾತು: ಮಗುಚಿದಾಗ ಸಮುದ್ರದ ನೀರು ನುಗ್ಗಿದೆ, ನಿನ್ನದೇನು ತಪ್ಪು ಮೇಸ್ತ್ರಿ, ಅವನ ಆಯುಷ್ಯ ಅಷ್ಟೇ ಇತ್ತು. ಒಳ್ಳೇ ಜನ, ಅವನಿಗೆ ತಪ್ಪಿಸಿಕೊಳ್ಳಲು ದಾರಿ ತೆರೆದುಕೊಟ್ಟರು. ಮಾವ ಟ್ಯಾಂಕಿಯನ್ನು ವಾಲಿಸಿ ತಳದ ನೀರನ್ನು ಅಂಗೈಗೆ ಸುರಿದುಕೊಂಡು ಮೂಸಿದ. ಬೆರಳದ್ದಿ ನಾಲಗೆಗೆ ಮುಟ್ಟಿಸಿದ. ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ತಿರುಗಿದ.

"ಉಪ್ಪಿಲ್ಲ ಅಕ್ಕ. ಇದು ಸಮುದ್ರದ ನೀರಲ್ಲ. ಮೊದಲೇ ಒಳಗಿತ್ತು. ಭಾವ ಚೆಲ್ತೀನಿ ಅಂದಿದ್ರು, ಬೇಡ ಅಂದವನು ನಾನು."

ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿಂದಾಚೆ ಅವನ ಜೊತೆ ಒಂದು ಮಾತೂ ಆಡಲಿಲ್ಲ.

ಮಾವ ಆಮೇಲೆ ಬೇರೆ ಮನುಷ್ಯನೇ ಆದ. ಪೆಟ್ರೋಲಿಗೆ ಒಂದಿಷ್ಟು ನೀರು ಹಾಕಿ ಕುಲುಕಿ, ತಳದ ನೀರು ಎಷ್ಟು ಹೆಚ್ಚಾಯಿತೋ ಅಷ್ಟು ಸ್ಪಿರಿಟ್ಟು ಎಂದು ಅಳೆಯುವುದನ್ನು ಕಲಿತ. ಕಂಡಕಂಡವರನ್ನು ನಿಲ್ಲಿಸಿ, ತಿಂಗಳು ಮೀರಿದ ಪೆಟ್ರೋಲು ಇಡಬೇಡಿ, ದೋಣಿ ನಿಲ್ಲಿಸುವಾಗ ಟ್ಯಾಂಕಿ ಖಾಲಿ ಮಾಡಿ, ಪೈಪು ಬದಲಿಸಿ ಎಂದು ಹೇಳಿದ್ದನ್ನೇ ಹೇಳುತ್ತಿದ್ದ. ಜನ ಅವನನ್ನು ಕಂಡರೆ ದಾರಿ ಬದಲಿಸತೊಡಗಿದರು. ಸರಿ ಮೇಸ್ತ್ರಿ, ಇದಲ್ಲದ ಪೆಟ್ರೋಲು ಎಲ್ಲಿ ಸಿಗುತ್ತೆ ಹೇಳು ಎಂದು ಕೇಳಿದರೆ ಮತ್ತೆ ಟ್ಯಾಂಕಿ ಖಾಲಿ ಮಾಡಿ ಎಂಬಲ್ಲಿಂದಲೇ ಶುರು ಮಾಡುತ್ತಿದ್ದ.

ವರ್ಷಕ್ಕೊಮ್ಮೆ, ಅಪ್ಪ ಹೋದ ದಿನ, ನಮ್ಮ ಮನೆಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ. ಅಮ್ಮ ಒಳಗೆ, ಅವನು ಹೊರಗೆ. ಚಹಾ ಕೊಡಲು ನಾನು ಎದ್ದರೆ ಅಮ್ಮ ಕಣ್ಣಲ್ಲೇ ಕೂರಿಸುತ್ತಿದ್ದಳು. ಐದನೇ ವರ್ಷ ನನಗೆ ತಡೆಯಲಾಗಲಿಲ್ಲ. ಗೊತ್ತಿಲ್ಲದೆ ಆದ ತಪ್ಪಿಗೆ ಇನ್ನೆಷ್ಟು ದಿನ ಹೀಗೆ ಎಂದು ಅಡುಗೆಮನೆಯಲ್ಲಿ ಜಗಳಕ್ಕೇ ನಿಂತೆ.

"ತಪ್ಪು ಯಾರು ಮಾಡಲ್ಲ? ನನ್ನ ಸಿಟ್ಟು ಅದಕ್ಕಲ್ಲ," ಅಂದಳು ಅಮ್ಮ. "ಎಲ್ಲರೂ ಸಮುದ್ರದ ನೀರು ಅಂದ್ರು. ಇವನೂ ಹೂಂ ಅಂದಿದ್ರೆ ಆಗ್ತಿತ್ತು. ಸಮುದ್ರಕ್ಕೆ ಶಾಪ ಹಾಕ್ಕೊಂಡು ಬದುಕಿಬಿಡ್ತಿದ್ದೆ. ನಿಜ ಹೇಳಿ ಇವನು ಹಗುರಾದ. ನನಗೆ ಗಂಡನೂ ಇಲ್ಲ, ತಮ್ಮನೂ ಇಲ್ಲ ಅನ್ನೋ ಹಾಗೆ ಮಾಡಿದ."

ನಮ್ಮ ಅಡುಗೆಮನೆಯ ಕಿಟಕಿ ಇರುವುದು ಮೆಟ್ಟಿಲ ಪಕ್ಕದಲ್ಲೇ. ನಾನು ಹೊರಗೆ ಬರುವಷ್ಟರಲ್ಲಿ ಮಾವ ಗೇಟು ದಾಟಿದ್ದ.

ಮುಂದಿನ ವರ್ಷ ಅವನು ಬರಲಿಲ್ಲ. ವರ್ಕ್‌ಶಾಪಿನಲ್ಲೇ ಇದ್ದ, ಯಾರದೋ ಸ್ಕೂಟರು ಬಿಚ್ಚುತ್ತಿದ್ದನಂತೆ. ಆ ದಿನ ಅಮ್ಮ ಯಾರೂ ಕೇಳದೆ ಚಹಾ ಮಾಡಿ, ಒಂದು ಲೋಟ ಮೆಟ್ಟಿಲ ಮೇಲಿಟ್ಟು, ತಾನೊಂದು ಹಿಡಿದು ಬಾಗಿಲಲ್ಲಿ ಕೂತಳು. ಮಧ್ಯಾಹ್ನದವರೆಗೂ ಕೂತಿದ್ದಳು. ಎರಡು ಲೋಟದಲ್ಲೂ ಕೆನೆ ಕಟ್ಟಿತ್ತು. ನಾನೇ ಚೆಲ್ಲಿ, ಲೋಟ ತೊಳೆದಿಟ್ಟೆ.