ವಿಮಾನಕ್ಕೆ ನರ್ಸ್ ಹಚ್ಚಿದ ಪ್ಲಾಸ್ಟರ್

ವಾಮಂಜೂರಿನ ಕೊಯ್ಲಾದ ಗದ್ದೆಯಲ್ಲಿ ನನ್ನ ರಿಮೋಟ್ ವಿಮಾನ ಮೇಲೇರಿದ್ದೇ ತಡ, ಪೈಲಟ್ ಸೀಟಿನ ಮೇಲಿನ ಪ್ಲಾಸ್ಟಿಕ್ ಕ್ಯಾನೊಪಿ ಕಿತ್ತು ಬಿತ್ತು! ವಿಮಾನವನ್ನು ಕೆಳಗಿಳಿಸಿದೆ. ಅಂಟು ಹಚ್ಚಿದರೆ ಪಾರದರ್ಶಕ ಪ್ಲಾಸ್ಟಿಕ್ ಬೆಳ್ಳಗೆ ಮಸುಕಾಗುತ್ತದೆ. ತಲೆ ಕೆರೆದುಕೊಳ್ಳುತ್ತಿದ್ದಾಗ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್ ಒಬ್ಬರು ಬದುವಿನಿಂದ ಇಳಿದು ಬಂದು ಬ್ಯಾಗ್ ತೆರೆದರು. ಸ್ಪಿರಿಟ್ ಹತ್ತಿಯಿಂದ ಅಂಚು ಒರೆಸಿ, ಡ್ರಿಪ್ ಸೂಜಿ ಕದಲದಂತೆ ಹಚ್ಚುವ ಪಾರದರ್ಶಕ ಪ್ಲಾಸ್ಟರ್‌ನಿಂದ ಕ್ಯಾನೊಪಿ ಕೂರಿಸಿದರು. ಅಭ್ಯಾಸಬಲದಿಂದ ಅದರ ಮೇಲೆ ತಾರೀಕನ್ನೂ ಬರೆದರು!

“ಬೆವರಿಗೇ ಬಿಡುವುದಿಲ್ಲ, ಗಾಳಿಗೆ ಎಂತ ಆಗ್ತದೆ? ಹಾರಿಸಿ ಮಾರಾಯ್ರೆ! ಮೂರು ದಿನಕ್ಕೆ ಬದಲಾಯಿಸ್ಬೇಕು ಮತ್ತೆ.”

ಹಾರಿಸಿದೆ. ಎರಡು ಪಲ್ಟಿ ಹೊಡೆಸಿದರೂ ಕ್ಯಾನೊಪಿ ಅಲುಗಲಿಲ್ಲ! ಅವರು ಚಪ್ಪಾಳೆ ತಟ್ಟುತ್ತಲೇ ಬಸ್ಸಿಗೆ ಓಡಿದರು.

ಮೂರು ತಿಂಗಳಾಯಿತು. ಅವರ ಮಾತು ಮೀರಿದ್ದೇನೆ. ಆ ತಾರೀಕನ್ನು ಕಿತ್ತು ಹಾಕಲು ಕೈ ಬರುತ್ತಿಲ್ಲ.