ಕ್ರೋಯ್ಡನ್ನಿನ ಹಿತ್ತಲಲ್ಲೊಂದು ಬಿಸಿನೀರಿನ ತೊಟ್ಟಿ

೨೦೦೪ನೆಯ ಇಸವಿ ಸೆಪ್ಟೆಂಬರ್ ಹನ್ನೆರಡು, ಭಾನುವಾರ. ಆಧಾರ: ನನ್ನ ಮೇಜಿನ ದಿನಚರಿ, ನೀಲಿ ರಟ್ಟಿನದು, ದಿನಕ್ಕೊಂದು ಪುಟ. ವಾರ ತಾಳೆಯಾಗುತ್ತದೆಯೇ ಎಂದು ಆ ವರ್ಷದ ಗೋಡೆ ಕ್ಯಾಲೆಂಡರನ್ನೂ ತೆಗೆದು ನೋಡಿದ್ದೇನೆ, ಆಗುತ್ತದೆ. ಆ ಪುಟದಲ್ಲಿರುವುದು ಒಂದೇ ಸಾಲು: "ಮುಚ್ಚಳದ ದಪ್ಪ ಕೇಳಬೇಕು." ಯಾವುದರ ಮುಚ್ಚಳ, ಯಾರನ್ನು ಕೇಳಬೇಕು, ಒಂದೂ ಇಲ್ಲ. ಮೂವತ್ತು ವರ್ಷ ಶಾಸನಗಳ ಕಾಲನಿರ್ಣಯ ಮಾಡಿ ನಿವೃತ್ತನಾದವನು ತನ್ನ ದಿನಚರಿಯನ್ನು ಯಾವ ಶಿಲ್ಪಿಯೂ ಕೊರೆಯದಷ್ಟು ಅಸ್ಪಷ್ಟವಾಗಿ ಬರೆದಿದ್ದಾನೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮುಚ್ಚಳ, ಹಿತ್ತಲಲ್ಲಿ ಇಡಬೇಕೆಂದಿದ್ದ ಬಿಸಿನೀರಿನ ತೊಟ್ಟಿಯದು. ಇಲ್ಲಿ, ಲಂಡನ್ನಿನ ಅಂಚಿನ ಕ್ರೋಯ್ಡನ್ನಿನಲ್ಲಿ, ಅದನ್ನು ಹಾಟ್ ಟಬ್ ಎನ್ನುತ್ತಾರೆ. ಪತ್ರಿಕೆಗಳ ಜಾಹೀರಾತುಗಳಲ್ಲಿ ಅದರೊಳಗೆ ಎಳೆಯ ದಂಪತಿಗಳು ಗಾಜಿನ ಲೋಟ ಹಿಡಿದು ನಗುತ್ತ ಕುಳಿತಿರುತ್ತಾರೆ. ನಮ್ಮ ಮನೆಗೆ ಅದು ಬಂದದ್ದು ನಗುವುದಕ್ಕಲ್ಲ, ಮೊಣಕಾಲಿಗೆ.

ನನ್ನ ಹೆಂಡತಿ ಸುಮಿತ್ರಾ ಧಾರವಾಡದವಳು. ಲಂಡನ್ನಿನ ದಕ್ಷಿಣ ಭಾಗದ ಆಸ್ಪತ್ರೆಗಳಲ್ಲಿ ಇಪ್ಪತ್ತಾರು ವರ್ಷ ಮಕ್ಕಳ ವೈದ್ಯೆಯಾಗಿ ನಿಂತೇ ಕೆಲಸ ಮಾಡಿದಳು. ಆ ನಿಲುವಿನ ಫಲವನ್ನು ಎರಡು ಮೊಣಕಾಲುಗಳು ನಿವೃತ್ತಿಯ ಮರುವರ್ಷವೇ ಒಪ್ಪಿಸತೊಡಗಿದವು. ಇಂಗ್ಲಿಷರ ಸ್ನಾನದ ಮನೆಯ ಟಬ್ಬು ನಿಮಗೆ ಗೊತ್ತಿರಬಹುದು: ಇಳಿಯುವುದಕ್ಕೆ ಗೋಡೆ ಹಾರಬೇಕು, ಏಳುವುದಕ್ಕೆ ಇನ್ನೊಬ್ಬರು ಬೇಕು. ಹಿಂದಿನ ಚಳಿಗಾಲದಲ್ಲಿ ಒಂದು ದಿನ ಅವಳು ಅದರಲ್ಲಿ ಕುಳಿತವಳು ಏಳಲಾರದೆ ಹೋದಳು. ನನಗೆ ಬೆನ್ನುನೋವು. ಟವೆಲನ್ನು ಅವಳ ಕಂಕುಳಡಿಗೆ ಹಾಯಿಸಿ ನಾನು ಎಳೆದು, ಇಬ್ಬರೂ ನೆಲದ ಮೇಲೆ ಕುಳಿತು ಸುಧಾರಿಸಿಕೊಂಡೆವು. ನೀರು ಅಷ್ಟರಲ್ಲಿ ತಣ್ಣಗಾಗಿತ್ತು.

"ಇನ್ನ ನಾ ನೀರಾಗ ಇಳಿಯೂದಿಲ್ಲ ನೋಡ್ರಿ," ಎಂದಳು. "ಮಂದಿ ಕೈ ಹಿಡದು ಏಳೂ ಸ್ನಾನ ನನಗ ಬ್ಯಾಡ."

"ನಾನೇನು ಹೊರಗಿನವನಾ?"

"ನಿಮ್ಮ ಬೆನ್ನು ನಿಮ್ಮನ್ನಽ ಎತ್ತೂದಿಲ್ಲ. ನನ್ನ ಎತ್ತಲಿಕ್ಕೆ ಹೊಂಟೀರಿ!"

ಅಂದಿನಿಂದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಮಗ್ಗಿನಲ್ಲಿ ಮೈಮೇಲೆ ನೀರು ಹಾಕಿಕೊಳ್ಳುವುದು ಅವಳ ಸ್ನಾನವಾಯಿತು. ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಮುಳುಗಿ ಕೂರಬೇಕು, ಯಾರ ಕೈಯೂ ಇಲ್ಲದೆ ಇಳಿದು ಯಾರ ಕೈಯೂ ಇಲ್ಲದೆ ಏಳಬೇಕು. ಅವಳಿಗೆ ಬೇಕಾದದ್ದು ಇಷ್ಟೇ. ಅದಕ್ಕೆ ಅವಳದೇ ಇನ್ನೊಂದು ಷರತ್ತು: ತೊಟ್ಟಿಯ ಚಾಕರಿ ನನ್ನ ಬೆನ್ನಿನ ಮೇಲೆ ಬೀಳಕೂಡದು.

ಆರೈಕೆ ಬೇಡದ ತೊಟ್ಟಿ ಎಂಬುದಿಲ್ಲ. ಕಡಿಮೆ ಬೇಡುವುದು ಇದೆ. ಇದನ್ನು ತಿಳಿಯಲು ನಾನು ಹನ್ನೊಂದು ಕಂಪನಿಗಳ ಕೈಪಿಡಿಗಳನ್ನು ತರಿಸಿದೆ. ಅಡುಗೆಮನೆಯ ಮೇಜಿನ ಮೇಲೆ ಅವುಗಳ ರಾಶಿ ಕಂಡು ಸುಮಿತ್ರಾ, "ಯಾಕ್ರೀ, ತೊಟ್ಟಿ ತರ್ಲಿಕ್ಕೆ ಹೊಂಟೀರೋ, ಪಿಎಚ್‌ಡಿ ಮಾಡ್ಲಿಕ್ಕೆ ಹೊಂಟೀರೋ?" ಎಂದಳು. ಒಂದು ಕಂಪನಿಯನ್ನು ನಾನು ತಿರಸ್ಕರಿಸಿದ್ದು ಅದರ ಕೈಪಿಡಿಯ ಎರಡನೆಯ ಪುಟದಲ್ಲಿ ಒಂದು ಸ್ಥಾಪನಾ ವರ್ಷ, ಏಳನೆಯ ಪುಟದಲ್ಲಿ ಇನ್ನೊಂದು ವರ್ಷ ಇದ್ದುದರಿಂದ. ಹುಟ್ಟಿದ ವರ್ಷವೇ ನೆನಪಿಲ್ಲದವರು ನೀರಿನ ಉಷ್ಣತೆಯನ್ನು ನೆನಪಿಟ್ಟುಕೊಂಡಾರೆಯೇ? ಈ ತರ್ಕ ಆಗ ನನಗೆ ಅಖಂಡನೀಯವಾಗಿ ತೋರಿತ್ತು.

ನಿಜವಾದ ತಿಳಿವಳಿಕೆ ಬಂದದ್ದು ಎದುರು ಮನೆಯ ಫೆಲಿಕ್ಸನಿಂದ. ಮಂಗಳೂರಿನ ಕಡೆಯವನು, ಮನೆಮಾತು ಕೊಂಕಣಿ. ವಿಮಾನ ನಿಲ್ದಾಣದಲ್ಲಿ ಬಾಯ್ಲರು, ಪಂಪುಗಳ ಉಸ್ತುವಾರಿ. ಪರ್ಲಿ ವೇ ರಸ್ತೆಯ ಅಂಗಡಿಗೆ ನಮ್ಮೊಡನೆ ಬಂದ. ಮಾರಾಟಗಾರ ಒಂದೊಂದು ತೊಟ್ಟಿಯಲ್ಲೂ ನೀರು ಚಿಮ್ಮುವ ತೂತುಗಳೆಷ್ಟು ಎಂದು ಎಣಿಸಿ ತೋರಿಸುತ್ತಿದ್ದರೆ, ಫೆಲಿಕ್ಸ್ ಮಂಡಿಯೂರಿ ಪಕ್ಕದ ಹಲಗೆ ಬಿಚ್ಚಿಸಿ ಒಳಗೆ ಟಾರ್ಚು ಹಾಕಿದ.

"ಸರ್, ತೂತು ಜಾಸ್ತಿ ಇದ್ದಷ್ಟು ಸೋರುವ ಜಾಗ ಜಾಸ್ತಿ. ಅದು ಬೇಡ. ನೀರು ಬಿಸಿ ಮಾಡುವುದು ಎಂತ ದೊಡ್ಡ ಸಂಗತಿ ಅಲ್ಲ ಮಾರಾಯ್ರೆ, ಬಿಸಿ ಉಳಿಸುವುದು ಉಂಟಲ್ಲ, ಅದು! ಗೋಡೆ ಒಳಗೆ ಪೂರಾ ಫೋಮ್ ತುಂಬಿರಬೇಕು. ಮುಚ್ಚಳ ದಪ್ಪ ಇರಬೇಕು, ಬಿಗಿ ಕೂತುಕೊಳ್ಳಬೇಕು."

ಅವನ ಪಾಠದ ಸಾರವನ್ನು, ಬೇಕಾದವರಿಗಾಗಿ, ಇಲ್ಲಿ ದಾಖಲಿಸುತ್ತೇನೆ. ನೀರನ್ನು ಸದಾ ಮೆಲ್ಲಗೆ ತಿರುಗಿಸುತ್ತಿರುವ ಸಣ್ಣ ಪಂಪು ಇರಲಿ. ನಿಂತ ನೀರೇ ಕೊಳವೆಯಲ್ಲಿ ಹೆಪ್ಪುಗಟ್ಟಿ ಕೊಳವೆಯನ್ನು ಸೀಳುವುದು. ಸೋಸುವ ಫಿಲ್ಟರು ಬಗ್ಗದೆ ಕೈಗೆ ಸಿಗುವಂತಿರಲಿ. ಮುಚ್ಚಳ ನಡುವೆ ಎತ್ತರವಾಗಿ ಅಂಚಿಗೆ ಇಳಿಜಾರಾಗಿದ್ದರೆ ಹಿಮ ಕರಗಿದ ನೀರು ಅದರ ಮೇಲೆ ನಿಲ್ಲುವುದಿಲ್ಲ. ಚಳಿಗಾಲದಲ್ಲಿ ತೊಟ್ಟಿಯನ್ನು ಬರಿದು ಮಾಡಿ ಬಿಡಬಾರದು. ಕೆನಡಾದ ಚಳಿಗೆಂದು ಕಟ್ಟಿದ ತೊಟ್ಟಿಗೆ ಕ್ರೋಯ್ಡನ್ನಿನ ಚಳಿ ನೆಗಡಿಯಷ್ಟೇ. ಆದರೂ ಅಂಥದ್ದನ್ನೇ ಕೊಳ್ಳಬೇಕು. ಎಲ್ಲಕ್ಕಿಂತ ಮೊದಲು, ಅಡುಗೆಮನೆಯ ಬಾಗಿಲಿಂದ ಎಂಟು ಹೆಜ್ಜೆಯೊಳಗೆ ಇರಬೇಕು. ದೂರದ ತೊಟ್ಟಿಗೆ ಡಿಸೆಂಬರಿನಲ್ಲಿ ಯಾರೂ ಹೋಗುವುದಿಲ್ಲ.

ಸುಮಿತ್ರಾಳ ತಕರಾರು ಬೇರೆಯೇ ಇತ್ತು. "ಅದಽ ನೀರಾಗ ಮೂರು ತಿಂಗಳ ಕೂಡೂದು ಅಂತೀರಿ. ಹೊಲಸಲ್ಲೇನ್ರೀ?" ನಾನು ದೇವಸ್ಥಾನದ ಪುಷ್ಕರಣಿಗಳ ಬಗ್ಗೆ ಉಪನ್ಯಾಸ ಆರಂಭಿಸಿದೆ. "ನಾ ಡಾಕ್ಟರ್ ಆಗಿ ಕೇಳ್ಲಿಕತ್ತೇನಿ, ನೀವು ಪುರೋಹಿತರಾಗಿ ಹೇಳ್ಬ್ಯಾಡ್ರಿ," ಎಂದು ತಡೆದಳು. ನೀರು ಕೆಡದಂತೆ ಹಾಕುವ ಔಷಧದ ಪ್ರಮಾಣಗಳನ್ನು ಫೆಲಿಕ್ಸನಿಂದ ಕೇಳಿ, ಚೀಟಿಯಲ್ಲಿ ಬರೆದುಕೊಂಡು, ರೋಗಿಯ ಚಾರ್ಟನ್ನು ನೋಡುವ ಮುಖದಿಂದ ಓದಿದ ಮೇಲೆಯೇ ಒಪ್ಪಿದಳು. ಮೂರು ಮೆಟ್ಟಿಲು, ಎರಡು ಕಡೆಯೂ ಹಿಡಿಕೆಯ ಕಂಬಿ ಎಂದು ಅಂಗಡಿಯಲ್ಲಿ ನಿಗದಿಯಾಯಿತು.

ತೊಟ್ಟಿ ಬಂದು ಕೂತದ್ದು ದೀಪಾವಳಿಯ ವಾರದಲ್ಲಿ. ಇದು ಯಾರೂ ಯೋಜಿಸಿದ್ದಲ್ಲ; ಅಂಗಡಿಯ ಲಾರಿ ಖಾಲಿಯಿದ್ದ ದಿನ ಅದು. ಆದರೆ ನೀರು ತುಂಬುವ ಹಬ್ಬದ ದಿನವೇ ತೋಟದ ಪೈಪಿನಿಂದ ನೀರು ತುಂಬುವ ಯೋಗ ಸುಮಿತ್ರಾಳಿಗೆ ಸಾಮಾನ್ಯವಾಗಿ ಕಾಣಲಿಲ್ಲ. ಊರಿನಲ್ಲಿ ಆ ದಿನ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಹಿಂಡಲಕಾಯಿ ಬಳ್ಳಿ ಕಟ್ಟುತ್ತಾರೆ. ಕ್ರೋಯ್ಡನ್ನಿನಲ್ಲಿ ಹಿಂಡಲಕಾಯಿ ಎಲ್ಲಿ? ಬೇಲಿಯ ಐವಿ ಬಳ್ಳಿಯನ್ನು ಕತ್ತರಿಸಿ ಕೆನಡಾದ ತೊಟ್ಟಿಗೆ ಸುತ್ತಿದಳು. ಚತುರ್ದಶಿ ಇಲ್ಲಿಯ ಸೂರ್ಯೋದಯಕ್ಕೆ ಇರುತ್ತದೆಯೇ, ಧಾರವಾಡದ ಸೂರ್ಯೋದಯಕ್ಕೋ ಎಂದು ನಾನು ಪಂಚಾಂಗ ಬಿಡಿಸಿ ಲೆಕ್ಕ ಹಾಕುತ್ತಿದ್ದಾಗ, ಅವಳು ಎಳ್ಳೆಣ್ಣೆ ಬಿಸಿ ಮಾಡುತ್ತಿದ್ದಳು.

ತೊಟ್ಟಿಯ ಕೈಪಿಡಿಯನ್ನು ನಾನು ಮೂರು ಸಲ ಓದಿದ್ದೆ. ಕ್ರೀಮು, ಸೋಪು, ಲೋಷನ್ನು ಮೈಮೇಲಿದ್ದರೆ ತೊಳೆದುಕೊಂಡೇ ಇಳಿಯಬೇಕು ಎಂದಿದ್ದುದು ನನಗೆ ಪುಟಸಂಖ್ಯೆಯ ಸಮೇತ ಗೊತ್ತಿತ್ತು. ಆದರೆ ಹಬ್ಬದ ಎಣ್ಣೆ ನಮ್ಮ ಲೆಕ್ಕದಲ್ಲಿ ಮೈಗೆ ಹಚ್ಚುವ ವಸ್ತುವಲ್ಲ, ಸ್ನಾನದ ಅರ್ಧಭಾಗ. ಮರುದಿನ ಬೆಳಿಗ್ಗೆ ಎಂಟಕ್ಕೆ ನೆತ್ತಿಯಿಂದ ಹಿಮ್ಮಡಿಯವರೆಗೆ ಎಣ್ಣೆ ಸುರಿಯುತ್ತಿದ್ದ ಇಬ್ಬರು ಹಿರಿಯರು, ಕಂಬಿ ಹಿಡಿದು, ನನ್ನ ಕೈಯನ್ನೂ ಅವಳು ಹಿಡಿದು, ನೀರಿಗೆ ಇಳಿದೆವು. ಕೈಯಲ್ಲಿ ಸೀಗೇಪುಡಿಯ ಬಟ್ಟಲು. ಆವಿಯ ನಡುವೆ ಸುಮಿತ್ರಾ ಕಣ್ಣು ಮುಚ್ಚಿ, "ಅಯ್ಯ ಶಿವನಽ" ಎಂದಳು. ಎರಡು ವರ್ಷಗಳಲ್ಲಿ ನಾನು ಕೇಳಿದ ಅತ್ಯಂತ ಸಂತುಷ್ಟ ವಾಕ್ಯ ಅದು.

ಇಲ್ಲಿ ಒಂದು ಹೋಲಿಕೆ ಸಲ್ಲುತ್ತದೆ. ರೋಮನ್ನರೂ ಸ್ನಾನಕ್ಕೆ ಮುನ್ನ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಆದರೆ ಬಾಗಿದ ಲೋಹದ ಪಟ್ಟಿಯಿಂದ ಅದನ್ನು ಕೆರೆದು ತೆಗೆದು ಆಮೇಲೆ ಕೊಳಕ್ಕೆ ಇಳಿಯುತ್ತಿದ್ದರು. ನಾವು ಎಂದೂ ನೀರಿನೊಳಗೆ ಕುಳಿತವರಲ್ಲ. ಹಂಡೆಯಿಂದ ತಂಬಿಗೆಯಲ್ಲಿ ಮೊಗೆದು ಹೊಯ್ದುಕೊಂಡವರು. ಎಣ್ಣೆ, ಸೀಗೆ, ಕೊಳೆ ಎಲ್ಲವೂ ಬಚ್ಚಲ ಮೋರಿಯಲ್ಲಿ ಹರಿದು ಹೋಗಿ ಬಾಳೆಗಿಡ ಸೇರುತ್ತಿತ್ತು. ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳಬೇಕಾಗಿಯೇ ಇರಲಿಲ್ಲ.

ಆ ದಿನ ಅದು ಎಲ್ಲಿಗೂ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೀರಿನ ಮೇಲೆ ಗೇಣುದ್ದ ಕಂದು ನೊರೆ. ಹೀಟರು ಕೆಂಪು ದೀಪ ಹಾಕಿ ನಿಂತಿತ್ತು. ಫೆಲಿಕ್ಸ್ ಬಂದು ಮುಚ್ಚಳ ಎತ್ತಿ, ನೊರೆಯನ್ನು ಬೆರಳಿನಿಂದ ಮೊಗೆದು ಮೂಸಿದ.

"ಎಂತ ಸರ್, ಇದರಲ್ಲಿ ಪೋಡಿ ಕರಿದಿದ್ದೀರಾ?"

"ಹಬ್ಬ ಅಲ್ಲೇನಪಾ," ಎಂದಳು ಸುಮಿತ್ರಾ.

"ಹಬ್ಬ ಉಂಟು ಅಕ್ಕ, ನಮಗೂ ಗೊತ್ತುಂಟು. ಆದರೆ ಈ ಫಿಲ್ಟರ್ ನೋಡಿ, ಚಪಾತಿ ಹಿಟ್ಟು ಆಗಿದೆ."

ನೀರು ಹೊರಗೆ ಹೋಗಿ, ಹೊಸ ಫಿಲ್ಟರು ಬಂದು, ತೊಟ್ಟಿ ಮತ್ತೆ ಕಾಯುವುದಕ್ಕೆ ಮೂರು ದಿನ ಹಿಡಿಯಿತು. ಅನಂತರ ಎಣ್ಣೆಸ್ನಾನ ಸ್ಟೂಲಿನ ಮೇಲೆ, ಮುಳುಗುವ ಸ್ನಾನ ಹಿತ್ತಲಲ್ಲಿ ಎಂದು ವಿಭಾಗವಾಯಿತು. ತೊಟ್ಟಿ ಅಂದಿನಿಂದ ಮಾತಿಗೆ ತಪ್ಪಿಲ್ಲ. ವಾರಕ್ಕೊಮ್ಮೆ ಔಷಧ, ತಿಂಗಳಿಗೊಮ್ಮೆ ಫಿಲ್ಟರನ್ನು ಪೈಪಿನ ನೀರಿಗೆ ಹಿಡಿಯುವುದು. ನನ್ನ ಬೆನ್ನು ದೂರು ಹೇಳಿದ್ದಿಲ್ಲ.

ಆದರೆ ಮೊದಲ ಷರತ್ತಿನ ವಿಷಯದಲ್ಲಿ ನಾನು ಸೋತೆನೆಂದೇ ಭಾವಿಸಿದ್ದೆ. ಆ ಚಳಿಗಾಲ ಪೂರ್ತಿ ಅವಳು ನನ್ನ ಕೈ ಹಿಡಿಯದೆ ನೀರಿಗೆ ಇಳಿದದ್ದಿಲ್ಲ. ಮೂರು ಮೆಟ್ಟಿಲು ಹತ್ತುವಾಗ ಎಡಗೈ ಕಂಬಿಗೆ, ಬಲಗೈ ನನಗೆ. ಮೆಟ್ಟಿಲು ಎತ್ತರವಾಯಿತೇ, ಕಂಬಿ ಗಿಡ್ಡವಾಯಿತೇ ಎಂದು ಟೇಪು ಹಿಡಿದು ಅಳೆದೆ. ೨೦೦೫ರ ಏಪ್ರಿಲ್ ಹದಿನೇಳು, ಭಾನುವಾರದ ದಿನಚರಿ: "ಇಂದೂ ಕೈ ಕೊಟ್ಟೆ. ಪ್ರಗತಿ ಇಲ್ಲ. ಬೇರೆ ತೊಟ್ಟಿ ಕೊಳ್ಳಬೇಕಾಗಿತ್ತು." ಕನ್ನಡ ಗೆಳೆಯರು ಸಲಹೆ ಕೇಳಿದಾಗಲೆಲ್ಲ ಇದನ್ನು ಪ್ರಾಮಾಣಿಕವಾಗಿ ಹೇಳಿದ್ದೇನೆ: ತೊಟ್ಟಿ ಒಳ್ಳೆಯದು, ಆದರೆ ಯಾವುದಕ್ಕಾಗಿ ತಂದೆವೋ ಅದು ಆಗಲಿಲ್ಲ.

ಕಳೆದ ವಾರ ನಮ್ಮ ಜಿಪಿ, ಅಂದರೆ ಮನೆವೈದ್ಯರು, ನಿವೃತ್ತರಾದರು. ಹೊಸ ವೈದ್ಯರಿಗೆ ತೋರಿಸಲು ಸುಮಿತ್ರಾಳ ಹಳೆಯ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸುತ್ತಿದ್ದೆ. ಫಿಸಿಯೋಥೆರಪಿಯವರು ಜಿಪಿಗೆ ಬರೆದ ಪತ್ರದ ಪ್ರತಿ ಸಿಕ್ಕಿತು: ೨೦೦೫ ಫೆಬ್ರವರಿ ಮೂರು, ಗುರುವಾರ. ರೋಗಿ ಜನವರಿಯಿಂದ ಮನೆಯ ತೊಟ್ಟಿಗೆ ಯಾರ ನೆರವೂ ಇಲ್ಲದೆ ಇಳಿದು ಏಳುತ್ತಿದ್ದಾರೆ, ಪತಿ ಗ್ರಂಥಾಲಯಕ್ಕೆ ಹೋಗುವ ಮಂಗಳವಾರಗಳಲ್ಲಿ ಒಬ್ಬರೇ ಅಭ್ಯಾಸ ಮಾಡುತ್ತಾರೆ, ಫಲಿತಾಂಶ ಅತ್ಯುತ್ತಮ.

ಪತ್ರವನ್ನು ಅವಳ ಮುಂದೆ ಹಿಡಿದೆ. "ಇದು ನಿಜವಾ?"

ಕನ್ನಡಕ ಏರಿಸಿ ಓದಿದಳು. "ತಾರೀಖು ಹಾಕಿ ಸಹಿ ಮಾಡ್ಯಾರಲ್ಲ. ಮತ್ತ ನನ್ನ ಯಾಕ ಕೇಳ್ತೀರಿ?"

"ಹಾಗಿದ್ದರೆ ಆಮೇಲೂ ನನ್ನ ಕೈ ಯಾಕೆ ಹಿಡಿದೆ?"

"ನೀವು ಅಷ್ಟು ಥಂಡ್ಯಾಗ ಟವೆಲ್ ಹಿಡಕೊಂಡು ನಿಂತಿರ್ತಿದ್ರಿ. ಬ್ಯಾಡ ಅಂದ್ರ ಎಲ್ಲಿ ಹೋಗ್ತಿದ್ರಿ?"

ಎರಡು ದಾಖಲೆಗಳು ಭಿನ್ನವಾದಾಗ, ಘಟನೆಗೆ ಹತ್ತಿರದ, ಸ್ವಂತ ಹಿತಾಸಕ್ತಿಯಿಲ್ಲದ ದಾಖಲೆಯನ್ನು ಅಂಗೀಕರಿಸುವುದು ನನ್ನ ವೃತ್ತಿಯ ಕ್ರಮ. ಅದರಂತೆ ಏಪ್ರಿಲ್ ಹದಿನೇಳರ ಪುಟದಂಚಿನಲ್ಲಿ ಪೆನ್ಸಿಲಿನಿಂದ ತಿದ್ದುಪಡಿ ಬರೆದಿದ್ದೇನೆ: "'ಕೈ ಕೊಟ್ಟೆ' ಎಂಬುದು ಸರಿ. 'ಪ್ರಗತಿ ಇಲ್ಲ' ಎಂಬುದು ತಪ್ಪು. ಫೆಬ್ರವರಿ ಮೂರರ ಪತ್ರ ನೋಡಿ."